ದ್ರಾಕ್ಷಿಗೆ ಜಿಎ: ಪುಡಿ, ಹರಳು, ಬಾಟಲಿ ಮೂರನ್ನೂ ಅಂಡಕದ ತಕ್ಕಡಿಯಲ್ಲಿಟ್ಟು ನೋಡಿದರೆ

ಅಕ್ಟೋಬರ್ ಚಾಟ್ನಿ, ಅಂದರೆ ದ್ರಾಕ್ಷಿ ಬಳ್ಳಿ ಸವರುವ ಕೆಲಸ, ಮುಗಿದು ಎರಡು ವಾರ ಕಳೆಯಿತೆಂದರೆ ತಿಕೋಟಾ, ಬಬಲೇಶ್ವರ, ವಿಜಯಪುರದ ಔಷಧಿ ಅಂಗಡಿಗಳಲ್ಲಿ ಒಂದೇ ಮಾತು: ‘ಜಿಎ ಯಾವುದು ಚಲೋ ಐತ್ರಿ?’ ಎದುರಿಗೆ ಬರುವುದು ಮೂರು ಬಗೆ. ಗ್ರಾಂ ಲೆಕ್ಕದ ಪೊಟ್ಟಣದಲ್ಲಿ ಸಿಗುವ 90% ಪುಡಿ, ನೇರವಾಗಿ ನೀರಿಗೆ ಹಾಕಿದರೆ ಕರಗುವ 40% ಹರಳು, ಮತ್ತೆ ಬಣ್ಣದ ಲೇಬಲ್ಲಿನ ಬಾಟಲಿಯಲ್ಲಿ 0.001% ದ್ರಾವಣ. ಮೂರರ ಮೇಲೂ ಜಿಬ್ಬರೆಲಿಕ್ ಆ್ಯಸಿಡ್ ಎಂದೇ ಇರುತ್ತದೆ; ಜಿಎ ಎನ್ನುವುದು ಬೆಳವಣಿಗೆಯ ಈ ಹಾರ್ಮೋನಿನ ಚುಟುಕು ಹೆಸರು. ಮೂರೂ ಒಂದೇ ಎಂದುಕೊಂಡರೆ ಒಂದು ತೋಟದಲ್ಲಿ ಏನೂ ಆಗುವುದಿಲ್ಲ, ಪಕ್ಕದ ತೋಟದಲ್ಲಿ ಗೊನೆಯ ದೇಟು ಹಗ್ಗದಂತೆ ತಿರುಚಿಕೊಳ್ಳುತ್ತದೆ.

ಬೆಲೆ, ಕಂಪನಿ, ಮಾರುವವರ ಮಾತು ಇವನ್ನು ಬದಿಗಿಟ್ಟು ಈ ವಿಮರ್ಶೆಗೆ ಒಂದೇ ಅಳತೆಗೋಲು ಇಟ್ಟುಕೊಂಡಿದ್ದೇವೆ: ಹೂವಿನೊಳಗಿನ ಅಂಡಕ, ಅಂದರೆ ಮುಂದೆ ಬೀಜವಾಗುವ ಮೊಳೆ, ಯಾವ ಹಂತದಲ್ಲಿರುವಾಗ ಈ ಔಷಧಿ ಎಷ್ಟು ಬಲದಲ್ಲಿ ತಲುಪುತ್ತದೆ? ರೈತ ದುಡ್ಡು ಕೊಡುವುದು ಮಣಿ ದಪ್ಪವಾಗಲಿ ಎಂದು. ಆದರೆ ಈ ಹಾರ್ಮೋನು ಮಾಡುವ ಕೆಲಸಕ್ಕೂ ಕೆಡಿಸುವ ಕೆಲಸಕ್ಕೂ ಅಂಡಕದ ನಂಟಿದೆ. ಅದನ್ನು ಬಿಟ್ಟು ಜಿಎ ಪ್ಯಾಕೆಟ್ಟನ್ನು ತೂಗುವುದು ಎಂಜಿನ್ ನೋಡದೆ ಟ್ರ್ಯಾಕ್ಟರ್ ಕೊಂಡ ಹಾಗೆ.

ಮೊದಲು ಹೂವಿನೊಳಗೆ ಇಣುಕೋಣ. ಅರಳುವ ಹೊತ್ತಿನ ದ್ರಾಕ್ಷಿ ಹೂವಿನ ಅಂಡಾಶಯವನ್ನು ಹೊಸ ಬ್ಲೇಡಿನಿಂದ ಅಡ್ಡ ಕೊಯ್ದು, ಹತ್ತು ಪಟ್ಟು ಹಿಗ್ಗಿಸುವ ಮಸೂರ ಹಿಡಿದರೆ ಎರಡು ಕೋಣೆ, ಕೋಣೆಗೆ ಎರಡರಂತೆ ನಾಲ್ಕು ಬಿಳಿ ಮೊಳೆ ಕಾಣುತ್ತವೆ. ಇವೇ ಅಂಡಕಗಳು, ಗರ್ಭಕಟ್ಟಿದರೆ ಬೀಜಗಳು. ಬೆಂಗಳೂರು ನೀಲಿಯ ಹಣ್ಣಿನಲ್ಲಿ ಸಾಮಾನ್ಯವಾಗಿ ನಾಲ್ಕಕ್ಕಿಂತ ಹೆಚ್ಚು ಬೀಜ ಸಿಗದಿರುವುದು ಇದಕ್ಕೇ. ಥಾಮ್ಸನ್ ಸೀಡ್‌ಲೆಸ್, ಅದರಿಂದ ಬಂದ ತಾಸ್-ಎ-ಗಣೇಶ, ಸೋನಾಕಾ, ಮಾಣಿಕ್ ಚಮನ್ ಇವುಗಳ ಹೂವಿನಲ್ಲೂ ಅದೇ ನಾಲ್ಕು ಇರುತ್ತವೆ. ಬೀಜವಿಲ್ಲದ ದ್ರಾಕ್ಷಿ ಎಂದರೆ ಅಂಡಕವೇ ಇಲ್ಲದ ದ್ರಾಕ್ಷಿ ಎಂಬ ತಿಳಿವಳಿಕೆ ತಪ್ಪು. ಥಾಮ್ಸನ್‌ನಲ್ಲಿ ಪರಾಗ ಬೀಳುತ್ತದೆ, ಗರ್ಭವೂ ಕಟ್ಟುತ್ತದೆ. ಆಮೇಲೆ ಬೀಜದ ಹೊದಿಕೆ ಗಟ್ಟಿಯಾಗುವುದಿಲ್ಲ, ಭ್ರೂಣ ಅರ್ಧದಲ್ಲೇ ಸಾಯುತ್ತದೆ, ಹಣ್ಣಿನಲ್ಲಿ ನಾಲಿಗೆಗೆ ಸಿಕ್ಕೂ ಸಿಗದಂಥ ಮೆತ್ತನೆ ಗುರುತು ಉಳಿಯುತ್ತದೆ. 2018ರಲ್ಲಿ ಸ್ಪೇನಿನ ಸಂಶೋಧಕರು ಇದರ ಮೂಲವನ್ನು ಎಜಿಎಲ್11 ಎಂಬ ಒಂದೇ ಜೀನಿನ ಒಂದೇ ಬದಲಾವಣೆಗೆ ಗುರುತಿಸಿದರು: ಪ್ರೊಟೀನಿನ 197ನೇ ಸ್ಥಾನದಲ್ಲಿ ಆರ್ಜಿನೀನ್ ಇರಬೇಕಾದಲ್ಲಿ ಲ್ಯೂಸೀನ್. ಪ್ರಯೋಗಾಲಯದ ಮುದ್ದಿನ ಗಿಡ ಅರಾಬಿಡಾಪ್ಸಿಸ್‌ನಲ್ಲಿ ಅಂಡಕ ಅಂಡಕವಾಗಿಯೇ ಬೆಳೆಯುವಂತೆ ನೋಡಿಕೊಳ್ಳುವ ಜೀನುಗಳಲ್ಲಿ ಒಂದು ಇದರದೇ ಜೊತೆಗಾರ.

ಈಗ ಔಷಧಿಯ ವಿಷಯ. ಬೀಜವಿರುವ ಹಣ್ಣಿನಲ್ಲಿ ಗರ್ಭಕಟ್ಟಿದ ಅಂಡಕ ಮೊದಲು ಆಕ್ಸಿನ್ ಎಂಬ ಹಾರ್ಮೋನು ಹೊರಡಿಸುತ್ತದೆ. ಅದು ಜಿಬ್ಬರೆಲಿನ್ (ಜಿಎ ಸೇರಿದ ಹಾರ್ಮೋನು ಬಳಗ) ತಯಾರಿಕೆಯನ್ನು ಎಬ್ಬಿಸುತ್ತದೆ. ಜಿಬ್ಬರೆಲಿನ್ ಬಂದಾಗ ಬೆಳವಣಿಗೆಗೆ ಬ್ರೇಕ್ ಹಾಕಿ ಕುಳಿತಿದ್ದ ಡೆಲ್ಲಾ ಎಂಬ ಪ್ರೊಟೀನುಗಳು ಒಡೆದು ಹೋಗುತ್ತವೆ, ಅಂಡಾಶಯದ ಗೋಡೆ ಹಿಗ್ಗಿ ಹಣ್ಣಾಗುತ್ತದೆ. ಥಾಮ್ಸನ್‌ನಲ್ಲಿ ಅಂಡಕ ನಡುವೆಯೇ ಸುಮ್ಮನಾಗುವುದರಿಂದ ಈ ಆಜ್ಞೆ ಅರ್ಧಕ್ಕೇ ನಿಲ್ಲುತ್ತದೆ, ಮಣಿ ಸಣ್ಣದಾಗಿಯೇ ಉಳಿಯುತ್ತದೆ. ಅಂಗಡಿಯ ಜಿಎ ಎಂದರೆ ಸತ್ತ ಅಂಡಕದ ಪರವಾಗಿ ನಾವು ಒತ್ತುವ ಹೆಬ್ಬೆಟ್ಟು. ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ರಾಬರ್ಟ್ ವೀವರ್ 1950ರ ದಶಕದ ಕೊನೆಗೆ ಥಾಮ್ಸನ್ ಮೇಲೆ ಇದನ್ನು ಹೊಡೆದು ತೋರಿಸಿದ ಮೇಲೆ ತಿನ್ನುವ ದ್ರಾಕ್ಷಿಯ ಗಾತ್ರದ ಲೆಕ್ಕಾಚಾರವೇ ಬದಲಾಯಿತು.

90% ಪುಡಿಯಿಂದ ಶುರುಮಾಡೋಣ. ಹೆಚ್ಚಿನವರು ಕೊಳ್ಳುವುದು ಇದನ್ನೇ, ನಮ್ಮ ಅಂಕವೂ ಇದಕ್ಕೇ ಹೆಚ್ಚು, ಒಂದು ಷರತ್ತಿನೊಂದಿಗೆ: ತೂಕ ಮಾಡಲು ಅಕ್ಕಸಾಲಿಗರ ಬಳಿ ಇರುವಂಥ, 0.01 ಗ್ರಾಂ ತೋರಿಸುವ ಪುಟ್ಟ ತಕ್ಕಡಿ ಇರಬೇಕು. ಅದಿಲ್ಲದೆ ‘ಒಂದು ಪುಡಿಕೆ ಅರ್ಧ ಮಾಡಿ ಹಾಕು’ ಎನ್ನುವ ಲೆಕ್ಕದಲ್ಲಿ ಇದನ್ನು ಮುಟ್ಟಬಾರದು. ಲೆಕ್ಕ ಸರಳ. 1 ಲೀಟರಿಗೆ 1 ಮಿಲಿಗ್ರಾಂ ಎಂದರೆ 1 ಪಿಪಿಎಂ. 200 ಲೀಟರ್ ಡ್ರಮ್ಮಿನಲ್ಲಿ 10 ಪಿಪಿಎಂ ಬೇಕಿದ್ದರೆ ಅಸಲು ಜಿಎ 2 ಗ್ರಾಂ, 90% ಪುಡಿಯಲ್ಲಿ 2.2 ಗ್ರಾಂ. 15 ಪಿಪಿಎಂಗೆ 3.3 ಗ್ರಾಂ, 40 ಪಿಪಿಎಂಗೆ 8.9 ಗ್ರಾಂ. ಗೊನೆ ಅದ್ದಲು 10 ಲೀಟರ್ ಬಕೆಟ್ಟಿನಲ್ಲಿ 40 ಪಿಪಿಎಂ ಮಾಡುವುದಾದರೆ 0.44 ಗ್ರಾಂ, ಅಂದರೆ ಚಿಟಿಕೆಗಿಂತ ತುಸು ಹೆಚ್ಚು. ಕೈಯಂದಾಜು ಇಲ್ಲಿ ನಡೆಯುವುದಿಲ್ಲ.

ಪುಡಿಯನ್ನು ನೇರ ನೀರಿಗೆ ಹಾಕುವುದು ಎಲ್ಲಕ್ಕಿಂತ ಸಾಮಾನ್ಯ ತಪ್ಪು. ಜಿಎ ನೀರಿನಲ್ಲಿ ಲೀಟರಿಗೆ 5 ಗ್ರಾಂ ಆಸುಪಾಸಿನಷ್ಟೇ ಕರಗುತ್ತದೆ, ಅದೂ ನಿಧಾನಕ್ಕೆ. ಡ್ರಮ್ಮಿನ ಮೇಲೆ ತೇಲುವ ಪುಡಿ ಗೋಡೆಗೆ ಅಂಟುತ್ತದೆ, ಮೊದಲ ಸಾಲಿಗೆ 4 ಪಿಪಿಎಂ, ಕೊನೆಯ ಸಾಲಿಗೆ 20 ಪಿಪಿಎಂ ಹೋದರೂ ಆಶ್ಚರ್ಯವಿಲ್ಲ. ಸರಿಯಾದ ಕ್ರಮ ಹೀಗೆ: ಒಣಗಿದ ಗಾಜಿನ ಲೋಟ ಅಥವಾ ಸ್ಟೀಲ್ ಲೋಟ, ಅದಕ್ಕೆ ತೂಗಿದ ಪುಡಿ, ಗ್ರಾಂಗೆ ಸುಮಾರು 30 ಮಿ.ಲೀ. ಆಲ್ಕೋಹಾಲ್ ಅಥವಾ ಅಸಿಟೋನ್. ಕಡ್ಡಿಯಿಂದ ತಿರುಗಿಸುತ್ತಿದ್ದರೆ ಒಂದೆರಡು ನಿಮಿಷದಲ್ಲಿ ನೀರಿನಂತೆ ತಿಳಿಯಾಗಬೇಕು. ತಳದಲ್ಲಿ ಬಿಳಿ ಗಸಿ ನಿಂತರೆ ಅದು ಜಿಎ ಅಲ್ಲ, ಬೆರಕೆ. ತಿಳಿಯಾದ ದ್ರಾವಣವನ್ನು ಅರ್ಧ ಬಕೆಟ್ ನೀರಿಗೆ ಸಣ್ಣ ಧಾರೆಯಲ್ಲಿ ಕಲಕುತ್ತಾ ಸುರಿದು, ಆಮೇಲೆ ಡ್ರಮ್ಮಿಗೆ ಸೇರಿಸುವುದು. ಹತ್ತಿರದಲ್ಲಿ ಬೀಡಿ, ಒಲೆ ಇರಬಾರದು. ಅಸಿಟೋನಿನ ಆವಿ ನೆಲದ ಮೇಲೆ ಹರಿದು ಹೋಗಿ ದೂರದ ಕಿಡಿಯನ್ನೂ ಹಿಡಿಯುತ್ತದೆ. ಪ್ಲಾಸ್ಟಿಕ್ ಲೋಟವನ್ನು ಅಸಿಟೋನ್ ಮೆತ್ತಗೆ ಮಾಡುವುದುಂಟು, ಅದಕ್ಕೇ ಸ್ಟೀಲು.

40% ಹರಳಿನ ಅನುಕೂಲ ಇಲ್ಲೇ ಇದೆ. ಆಲ್ಕೋಹಾಲಿನ ತಂಟೆಯಿಲ್ಲ, ಪುಡಿ ಹಾರುವುದಿಲ್ಲ, ತೂಕವೂ ಸುಲಭ: 200 ಲೀಟರಿಗೆ 10 ಪಿಪಿಎಂ ಎಂದರೆ 5 ಗ್ರಾಂ, 15ಕ್ಕೆ 7.5, 40ಕ್ಕೆ 20 ಗ್ರಾಂ. 10 ಲೀಟರ್ ಬಕೆಟ್ಟಿಗೆ 40 ಪಿಪಿಎಂ ಎಂದರೆ ಸರಿಯಾಗಿ 1 ಗ್ರಾಂ. ಆಳುಗಳ ಕೈಯಲ್ಲಿ ಕೆಲಸ ಮಾಡಿಸುವವರಿಗೆ ಇದೇ ವಾಸಿ. ಬೆಲೆ ಹೋಲಿಸುವಾಗ ಮಾತ್ರ ಪ್ಯಾಕೆಟ್ ತೂಕವಲ್ಲ, ಅದರೊಳಗಿನ ಅಸಲು ಜಿಎ ಗ್ರಾಂಗೆ ಎಷ್ಟು ಬಿತ್ತು ಎಂದು ಭಾಗಿಸಿ ನೋಡಬೇಕು. ಪುಡಿಯ ಅಳತೆಯನ್ನೇ ಹರಳಿಗೂ ಬಳಸಿದರೆ ಅರ್ಧಕ್ಕೂ ಕಡಿಮೆ ಬಲ ಸಿಗುತ್ತದೆ. ಹರಳಿನ ಅಳತೆಯಲ್ಲಿ ಪುಡಿ ಹಾಕಿದರೆ ಎರಡು ಪಟ್ಟಿಗೂ ಹೆಚ್ಚು. ಎರಡನೆಯ ತಪ್ಪಿಗೆ ಆ ವರ್ಷ ಮದ್ದಿಲ್ಲ.

ಇನ್ನು 0.001% ಬಾಟಲಿ. ಇದರ ಗಣಿತವನ್ನು ಒಮ್ಮೆ ಮಾಡಿದವರು ದ್ರಾಕ್ಷಿಗೆಂದು ಮತ್ತೆ ಕೊಳ್ಳುವುದಿಲ್ಲ. 0.001% ಎಂದರೆ ಲೀಟರಿನಲ್ಲಿ 10 ಮಿಲಿಗ್ರಾಂ. ಅಂದರೆ ಬಾಟಲಿಯಲ್ಲಿರುವುದೇ 10 ಪಿಪಿಎಂ! ಹನಿ ನೀರೂ ಬೆರೆಸದೆ ಹೊಡೆದರೆ ಮಾತ್ರ ಮೊದಲ ಸಿಂಪರಣೆಯ ಬಲ. ಲೀಟರಿಗೆ 1 ಮಿ.ಲೀ. ಬೆರೆಸಿದರೆ 0.01 ಪಿಪಿಎಂ. ಅರ್ಧ ಲೀಟರ್ ಬಾಟಲಿಯಲ್ಲಿ ಒಟ್ಟು 5 ಮಿಲಿಗ್ರಾಂ ಜಿಎ ಇದ್ದರೆ, 90% ಪುಡಿಯ 1 ಗ್ರಾಂ ಪೊಟ್ಟಣದಲ್ಲಿ 900 ಮಿಲಿಗ್ರಾಂ ಇರುತ್ತದೆ: 180 ಬಾಟಲಿಯ ಸರಕು. ಎಲೆಗೆ ಅತಿ ಕಡಿಮೆ ಪ್ರಮಾಣದಲ್ಲಿ ಹೊಡೆಯುವ ಬೆಳೆಗಳಿಗೆ ಅದು ಬೇರೆ ಲೆಕ್ಕ. ಗೊನೆಯ ಕೆಲಸಕ್ಕೆ ಅದು ಆಗದು. ಬಾಟಲಿ ಸುಳ್ಳು ಹೇಳುತ್ತಿಲ್ಲ, ಲೇಬಲ್ಲಿನಲ್ಲಿ ಸೊನ್ನೆಗಳು ಇದ್ದ ಹಾಗೇ ಇವೆ. ಎಣಿಸುವುದು ನಮ್ಮ ಕೆಲಸ.

ಹಾಗಾದರೆ ಕೊಂಡ ಪುಡಿಯ ಬಲವನ್ನು ಮನೆಯಲ್ಲೇ ತಿಳಿಯುವುದು ಹೇಗೆ? ಆಲ್ಕೋಹಾಲಿನಲ್ಲಿ ತಿಳಿಯಾಗಿ ಕರಗಿತು ಎಂದ ಮಾತ್ರಕ್ಕೆ ಬಲ ಇದೆ ಎಂದಲ್ಲ, ಹಳತಾಗಿ ಸತ್ತ ಜಿಎ ಕೂಡ ಕರಗಬಹುದು. ಇದಕ್ಕೆ ಭತ್ತದ ಸಸಿಗಿಂತ ಒಳ್ಳೆಯ ಸಾಕ್ಷಿ ಇಲ್ಲ. ಜಿಬ್ಬರೆಲಿನ್ ಕಥೆ ಶುರುವಾದದ್ದೇ ಭತ್ತದಿಂದ. ಜಪಾನಿನ ಗದ್ದೆಗಳಲ್ಲಿ ಸಸಿಗಳು ಬಡಕಲಾಗಿ ಉದ್ದಕ್ಕೆ ಬೆಳೆದು ಬೀಳುವ ‘ಬಕಾನೇ’ ರೋಗಕ್ಕೆ ಕಾರಣ ಒಂದು ಶಿಲೀಂಧ್ರ ಹೊರಡಿಸುವ ರಸ ಎಂದು 1926ರಲ್ಲಿ ಎಯಿಚಿ ಕುರೊಸಾವಾ ತೋರಿಸಿದ್ದರು. ಆ ಶಿಲೀಂಧ್ರದ ಹೆಸರಿನಿಂದಲೇ ಹಾರ್ಮೋನಿಗೂ ಹೆಸರು ಬಂತು. ಇಂದಿಗೂ ಕಾರ್ಖಾನೆಯಲ್ಲಿ ಜಿಎ ತಯಾರಾಗುವುದು ಅದೇ ಶಿಲೀಂಧ್ರವನ್ನು ಹುದುಗಿಸಿ.

ಪರೀಕ್ಷೆ ಹೀಗೆ. 0.1 ಗ್ರಾಂ ಪುಡಿಯನ್ನು 3 ಮಿ.ಲೀ. ಆಲ್ಕೋಹಾಲಿನಲ್ಲಿ ಕರಗಿಸಿ 100 ಮಿ.ಲೀ. ನೀರು ಮಾಡಿದರೆ ಸುಮಾರು 1000 ಪಿಪಿಎಂ ದಾಸ್ತಾನು. ಅದರ 1 ಮಿ.ಲೀ. ಒಂದು ಲೀಟರಿಗೆ ಬೆರೆಸಿದರೆ 1 ಪಿಪಿಎಂ, ಆ ನೀರನ್ನು ಮತ್ತೆ ಹತ್ತು ಪಟ್ಟು ತೆಳುವಾಗಿಸಿದರೆ 0.1. ನೆನೆಸಿ ಮೊಳಕೆ ಬರಿಸಿದ ಒಂದೇ ತಳಿಯ ಭತ್ತವನ್ನು, ಮೊಳಕೆ ಒಂದು ಸೆಂಟಿಮೀಟರ್ ಇರುವಾಗ, ಲೋಟಕ್ಕೆ ಹತ್ತರಂತೆ ಇಡಬೇಕು. ಒಂದು ಲೋಟಕ್ಕೆ ಬರೀ ನೀರು, ಒಂದಕ್ಕೆ 0.1, ಒಂದಕ್ಕೆ 1. ಹೋದ ವರ್ಷ ಕೆಲಸ ಮಾಡಿದ, ತಂಪಿನಲ್ಲಿಟ್ಟ ಪುಡಿ ಉಳಿದಿದ್ದರೆ ಅದರದೂ ಅಷ್ಟೇ ಲೋಟ. ಬೆಳಕು ಎಲ್ಲಕ್ಕೂ ಒಂದೇ ಇರಲಿ. ಐದರಿಂದ ಏಳು ದಿನಕ್ಕೆ ಎರಡನೆಯ ಎಲೆಯ ಬುಡದ ಕವಚವನ್ನು ಸ್ಕೇಲಿನಿಂದ ಅಳೆದು ಸರಾಸರಿ ತೆಗೆದರೆ ಉತ್ತರ ಸಿಗುತ್ತದೆ. ಹೊಸ ಪುಡಿಯ 1 ಪಿಪಿಎಂ ಲೋಟ ಹಳೆಯದರ 0.1 ಲೋಟಕ್ಕೆ ಸಮ ನಿಂತರೆ ಆ ಪೊಟ್ಟಣ ತಿರುಗಿ ಅಂಗಡಿಗೆ ಹೋಗಬೇಕು. ಇದಕ್ಕೆ ಬೇಕಾದ್ದು ಒಂದು ವಾರ, ಆದ್ದರಿಂದ ಖರೀದಿ ಚಾಟ್ನಿಯ ದಿನವೇ ಆಗಬೇಕು, ಹೊಡೆಯುವ ದಿನ ಬೆಳಿಗ್ಗೆ ಅಲ್ಲ.

ಒಳ್ಳೆಯ ಪುಡಿಯನ್ನೂ ಕೊಲ್ಲುವುದು ನಮ್ಮ ಬಾವಿ ನೀರು. ವಿಜಯಪುರ ಭಾಗದ ಬೋರ್‌ವೆಲ್ ನೀರು ಸಾಮಾನ್ಯವಾಗಿ ಗಡಸು, ಕ್ಷಾರೀಯ. ಕ್ಷಾರದಲ್ಲಿ ಜಿಎ ಅಣುವಿನೊಳಗಿನ ಲ್ಯಾಕ್ಟೋನ್ ಉಂಗುರ ಸ್ಥಾನ ಪಲ್ಲಟಗೊಂಡು ಕೆಲಸಕ್ಕೆ ಬಾರದ ರೂಪಕ್ಕೆ ತಿರುಗುತ್ತದೆ, ಬಿಸಿಲು ಹೆಚ್ಚಿದಷ್ಟೂ ಬೇಗ. ಇನ್ನೊಂದು ಕಾರಣ, ಆಮ್ಲೀಯ ನೀರಿನಲ್ಲಿ ಜಿಎ ವಿದ್ಯುದಂಶ ಕಳಚಿಕೊಂಡ ರೂಪದಲ್ಲಿ ಹೆಚ್ಚು ಇರುತ್ತದೆ, ಆ ರೂಪವೇ ಮಣಿಯ ಮೇಣದ ಹೊದಿಕೆಯನ್ನು ಸುಲಭವಾಗಿ ದಾಟುವುದು. ನೀರಿನ ಪಿಎಚ್ 5.5ರಿಂದ 6ರ ನಡುವೆ ಇರಲಿ. ಸಿಟ್ರಿಕ್ ಆಮ್ಲವೋ ಯೂರಿಯಾ ಫಾಸ್ಫೇಟೋ ಎಷ್ಟು ಬೇಕು ಎನ್ನುವುದು ಬಾವಿಯಿಂದ ಬಾವಿಗೆ ಬೇರೆ. ಪಕ್ಕದವರ ಅಳತೆ ಕೇಳಿ ಹಾಕುವುದರಲ್ಲಿ ಅರ್ಥವಿಲ್ಲ. ಹತ್ತು ಲೀಟರ್ ನೀರಿಗೆ ಒಂದೊಂದೇ ಗ್ರಾಂ ಹಾಕಿ ಕಲಕಿ, ಪಿಎಚ್ ಪಟ್ಟಿ ಅದ್ದುತ್ತಾ ಹೋಗಿ, ನಿಂತ ಲೆಕ್ಕವನ್ನು ಇಪ್ಪತ್ತರಿಂದ ಗುಣಿಸಿದರೆ ಡ್ರಮ್ಮಿನದು. ಮೊದಲು ಆಮ್ಲ, ಆಮೇಲೆ ಜಿಎ. ಬೋರ್ಡೋ ದ್ರಾವಣ, ಸುಣ್ಣವಿರುವ ಯಾವುದನ್ನೂ ಇದರೊಂದಿಗೆ ಬೆರೆಸಬಾರದು.

ಹೊಡೆಯುವ ಹಂತಗಳಿಗೆ ಬರೋಣ, ಅಂಡಕದ ತಕ್ಕಡಿ ನಿಜವಾಗಿ ಬೇಕಾಗುವುದು ಇಲ್ಲಿ. ಥಾಮ್ಸನ್ ಬಗೆಯ ತಳಿಗಳಿಗೆ ನಮ್ಮ ಕಡೆ ರೂಢಿಯಲ್ಲಿರುವ ಕ್ರಮ ಹೀಗಿದೆ: ಗೊನೆ ಗಿಳಿ ಹಸಿರು ಬಣ್ಣಕ್ಕೆ ಬಂದಾಗ 10 ಪಿಪಿಎಂ, ನಾಲ್ಕೈದು ದಿನ ಬಿಟ್ಟು 15, ಮಣಿ 3–4 ಮಿ.ಮೀ. ಆದಾಗ 40, ಇನ್ನೊಮ್ಮೆ 6–7 ಮಿ.ಮೀ. ಆದಾಗ 30ರಿಂದ 40. ಮೊದಲೆರಡು ಸಿಂಪರಣೆ, ಕೊನೆಯೆರಡನ್ನು ಅದ್ದುವುದು ಒಳ್ಳೆಯದು.

ಮೊದಲೆರಡರ ಉದ್ದೇಶ ದೇಟು ಉದ್ದವಾಗಿ ಗೊನೆ ಸಡಿಲವಾಗುವುದು. ಸಡಿಲ ಗೊನೆಯಲ್ಲಿ ಗಾಳಿಯಾಡುತ್ತದೆ, ಮಣಿ ಒತ್ತಿಕೊಂಡು ಒಡೆಯುವುದಿಲ್ಲ, ಕೈಯಿಂದ ಮಣಿ ಬಿಡಿಸುವ ಕೂಲಿಯೂ ಇಳಿಯುತ್ತದೆ. ಆದರೆ ಆ ಹೊತ್ತಿಗೆ ಹೂವಿನೊಳಗೆ ಏನು ನಡೆಯುತ್ತಿದೆ ಎಂಬುದನ್ನು ಲೇಬಲ್ ಹೇಳುವುದಿಲ್ಲ. ದ್ರಾಕ್ಷಿಯಲ್ಲಿ ಗೊನೆಯ ಕವಲುಗಳು ಹೋದ ಋತುವಿನ ಮೊಗ್ಗಿನಲ್ಲೇ ಮೂಡಿರುತ್ತವೆ, ಬಿಡಿ ಹೂವು ಮಾತ್ರ ಚಾಟ್ನಿಯ ನಂತರ ಚಿಗುರೊಡೆಯುವ ಹೊತ್ತಿಗೆ ರೂಪ ತಾಳತೊಡಗುತ್ತದೆ. ಅರಳುವ ಮೊದಲಿನ ವಾರಗಳಲ್ಲಿ ಅಂಡಾಶಯದ ಒಳಗೋಡೆಯ ಮೇಲೆ ಅಂಡಕಗಳು ಬೆರಳಿನ ತುದಿಯಂತೆ ಉಬ್ಬುತ್ತವೆ. ಅರಾಬಿಡಾಪ್ಸಿಸ್‌ನಲ್ಲಿ ಈ ಉಬ್ಬು ಏಳುವ ಬಗೆಯನ್ನು ಹಂತಹಂತವಾಗಿ ಬಿಡಿಸಿದ್ದಾರೆ. ಪಿನ್1 ಎಂಬ ಸಾಗಣೆ ಪ್ರೊಟೀನು ಆಕ್ಸಿನ್ನನ್ನು ಒಂದೊಂದು ಬಿಂದುವಿಗೆ ತಳ್ಳಿ ಗುಡ್ಡೆ ಹಾಕುತ್ತದೆ. ಗುಡ್ಡೆ ಬಿದ್ದಲ್ಲಿ ಅಂಡಕ ಏಳುತ್ತದೆ, ಎರಡರ ನಡುವಿನ ತಗ್ಗು ಗಡಿಯಾಗುತ್ತದೆ. ಪಿನ್1 ಎಷ್ಟಿರಬೇಕು ಎಂಬುದರಲ್ಲಿ ಸೈಟೋಕೈನಿನ್ ಎಂಬ ಇನ್ನೊಂದು ಹಾರ್ಮೋನಿನ ಕೈಯಿದೆ. ಸೈಟೋಕೈನಿನ್ ಒಡೆಯುವ ಎರಡು ಕಿಣ್ವಗಳನ್ನು ಕಳೆದುಕೊಂಡ ಗಿಡದಲ್ಲಿ ಅಂಡಕಗಳೂ ಬೀಜಗಳೂ ಹೆಚ್ಚಾಗುವುದನ್ನು 2011ರಲ್ಲಿ ಬರ್ಲಿನ್ನಿನ ತಂಡ ತೋರಿಸಿತು. ಬ್ರಾಸಿನೋಸ್ಟೀರಾಯ್ಡ್ ಎಂಬ ಹಾರ್ಮೋನು ಕೂಡ ಅದೇ ದಿಕ್ಕಿಗೆ ಎಳೆಯುತ್ತದೆ. ಜಿಬ್ಬರೆಲಿನ್ ಮಾತ್ರ ಹಗ್ಗದ ಇನ್ನೊಂದು ತುದಿಯಲ್ಲಿದೆ: 2018ರಲ್ಲಿ ಸ್ಪೇನಿನ ವೆಲೆನ್ಸಿಯಾದಿಂದ ಬಂದ ಕೆಲಸದ ಪ್ರಕಾರ ಡೆಲ್ಲಾ ಗಟ್ಟಿಯಾಗಿ ಉಳಿದ ಗಿಡಗಳಲ್ಲಿ ಅಂಡಕ ಹೆಚ್ಚು, ಜಿಎ ಹೆಚ್ಚಾದಂತೆ ಅಂಡಕ ಕಡಿಮೆ. ಅರಾಬಿಡಾಪ್ಸಿಸ್ ಅಲ್ಲದೆ ಟೊಮ್ಯಾಟೊ, ರೇಪ್‌ಸೀಡ್ ಗಿಡಗಳಲ್ಲೂ ಇದು ಹೀಗೇ.

ದ್ರಾಕ್ಷಿಯಲ್ಲಿ ನಾಲ್ಕು ಎಂಬ ಸಂಖ್ಯೆ ಸಾಮಾನ್ಯವಾಗಿ ಅಲುಗುವುದಿಲ್ಲ, ಅಲುಗುವುದು ಆ ನಾಲ್ಕರ ಗುಣ. ಇದನ್ನೇ ಜಪಾನಿನವರು ವ್ಯಾಪಾರವಾಗಿಸಿದ್ದಾರೆ. ಬೀಜವಿರುವ ಡೆಲವೇರ್ ತಳಿಯ ಗೊನೆಯನ್ನು ಅರಳುವುದಕ್ಕೆ ಸುಮಾರು 14 ದಿನ ಮೊದಲು 100 ಪಿಪಿಎಂನಲ್ಲಿ ಅದ್ದಿದರೆ ಪರಾಗವೂ ಮಂಕಾಗುತ್ತದೆ, ಅಂಡಕದೊಳಗಿನ ಭ್ರೂಣಚೀಲವೂ ಸರಿಯಾಗಿ ಬಲಿಯುವುದಿಲ್ಲ. ಅರಳಿದ ಹತ್ತು ದಿನಕ್ಕೆ ಮತ್ತೆ 100 ಪಿಪಿಎಂ ಅದ್ದಿದರೆ ಬೀಜವಿಲ್ಲದೆ ಹಣ್ಣು ದಪ್ಪವಾಗುತ್ತದೆ. ಮೊದಲ ಅದ್ದು ಅಂಡಕವನ್ನು ಸುಮ್ಮನಾಗಿಸುತ್ತದೆ, ಎರಡನೆಯದು ಅದರ ಬದಲು ಮಾತಾಡುತ್ತದೆ. ಒಂದೇ ಪ್ಯಾಕೆಟ್, ಹದಿನಾಲ್ಕು ದಿನ ಆಚೆ ಒಂದು ಕೆಲಸ, ಹತ್ತು ದಿನ ಈಚೆ ಅದಕ್ಕೆ ತದ್ವಿರುದ್ಧ ಎನಿಸುವ ಕೆಲಸ.

ಇದು ತಲೆಯಲ್ಲಿದ್ದರೆ ನಮ್ಮ ತೋಟದ ತಪ್ಪುಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆ. ಗಿಳಿ ಹಸಿರಿನ ಹಂತಕ್ಕೆ 10ರ ಬದಲು 25–30 ಪಿಪಿಎಂ ಹೋದರೆ ದೇಟು ಉದ್ದವಾಗುವುದಷ್ಟೇ ಅಲ್ಲ, ಸುರುಳಿ ಸುತ್ತಿ ಪೆಡಸಾಗುತ್ತದೆ, ಹಿಡಿದರೆ ಲಟಕ್ಕೆಂದು ಮುರಿಯುತ್ತದೆ. ಗರ್ಭಕಟ್ಟದ ಹೂಗಳು ಉದುರದೆ ಸಾಸಿವೆ ಗಾತ್ರದ ಹಸಿರು ಮಣಿಗಳಾಗಿ ಗೊನೆಯಲ್ಲೇ ಕೂರುತ್ತವೆ. ದಿನ ಎಣಿಸಿ ಹೊಡೆಯುವವರಿಗೆ ಈ ಕಷ್ಟ ಹೆಚ್ಚು. ಚಳಿ ಜಾಸ್ತಿಯಾದ ವರ್ಷ ಚಿಗುರು ತಡವಾಗುತ್ತದೆ, ಕ್ಯಾಲೆಂಡರಿನ ಇಪ್ಪತ್ತನೇ ದಿನ ಅಂಡಕದ ಇಪ್ಪತ್ತನೇ ದಿನವಾಗಿರುವುದಿಲ್ಲ. ಬಣ್ಣ ನೋಡಬೇಕು. ಒಂದೇ ತೋಟದಲ್ಲಿ ಚಿಗುರು ಹಿಂದುಮುಂದಾಗಿದ್ದರೆ ಸಾಲುಗಳನ್ನು ಎರಡು ಗುಂಪು ಮಾಡಿ ಎರಡು ದಿನ ಹೊಡೆಯುವುದೇ ಸರಿ.

ಮಣಿ ಹಂತದ ಎರಡರಲ್ಲಿ ಹಾಳಾಗುವುದು ಹೆಚ್ಚಾಗಿ ತೋಯಿಸುವಿಕೆಯಿಂದ. ಎಲೆಗೆ ಬಿದ್ದ ಜಿಎ ಗೊನೆಗೆ ಹರಿದು ಬರುತ್ತದೆ ಎಂದು ನಂಬಿ ಮೇಲಿಂದ ಮೇಲೆ ಹೊಡೆಯುವವರಿದ್ದಾರೆ. ಮಣಿಗೆ ಬೇಕಾದಷ್ಟು ಹಾಗೆ ಬರುವುದಿಲ್ಲ, ಬಿದ್ದ ಮಣಿ ಬಿದ್ದಷ್ಟೇ ಹಿಗ್ಗುತ್ತದೆ. ಗೊನೆಯ ಒಂದು ಮಗ್ಗುಲು ದಪ್ಪ, ಇನ್ನೊಂದು ಸಣ್ಣ ಇದ್ದರೆ ನಾಜಲ್ ಒಂದೇ ಕಡೆಯಿಂದ ಬಂತೆಂದು ಅರ್ಥ. ಅದ್ದುವುದಾದರೆ ಲೋಟ ಕೆಳಗಿನಿಂದ ತಂದು ಗೊನೆ ಪೂರ್ತಿ ಮುಳುಗಿಸಿ ಐದು ಸೆಕೆಂಡ್ ಹಿಡಿದು, ತೆಗೆದ ಮೇಲೆ ಕಾಡಿಯನ್ನು (ಗೊನೆ ಹೊತ್ತ ಕಡ್ಡಿಯನ್ನು) ಒಮ್ಮೆ ಮೆಲ್ಲಗೆ ತಟ್ಟಿ ಹನಿ ಉದುರಿಸಬೇಕು. ತುದಿಯಲ್ಲಿ ನಿಂತ ಹನಿ ಒಣಗುತ್ತಾ ಮಂದವಾಗಿ ಕಲೆ ಬಿಡುತ್ತದೆ. ಹೊತ್ತು ಸಂಜೆ ಅಥವಾ ಎಳೆ ಬಿಸಿಲು: ಒಣಗುವುದು ನಿಧಾನವಾದಷ್ಟೂ ಒಳಗೆ ಇಳಿಯುವುದು ಹೆಚ್ಚು.

40 ಪಿಪಿಎಂಗೆ ಚೆನ್ನಾಗಿ ಬಂತು, 80 ಹಾಕಿದರೆ ಇನ್ನೂ ಚೆನ್ನಾಗಿ ಬರುತ್ತದೆ ಎನ್ನುವ ಲೆಕ್ಕ ಮಾರುಕಟ್ಟೆಯಲ್ಲಿ ಸೋಲುತ್ತದೆ. ಮಣಿಯ ತೊಟ್ಟು ದಪ್ಪಗಾಗಿ ಪೆಡಸಾಗುತ್ತದೆ, ಪೆಟ್ಟಿಗೆಯಲ್ಲಿ ಮಣಿ ಉದುರುತ್ತವೆ, ಸಿಪ್ಪೆ ದಪ್ಪವಾಗುತ್ತದೆ. ಒಣದ್ರಾಕ್ಷಿ ಮಾಡುವವರಂತೂ ಇಲ್ಲಿ ನಿಲ್ಲಬೇಕು. ವಿಜಯಪುರದ ಬಹುಪಾಲು ದ್ರಾಕ್ಷಿ ಮನುಕಕ್ಕೇ ಹೋಗುವುದು. ಲೀಟರಿಗೆ 25 ಗ್ರಾಂ ಪೊಟ್ಯಾಸಿಯಂ ಕಾರ್ಬೋನೇಟ್, 15 ಮಿ.ಲೀ. ಎಥಿಲ್ ಓಲಿಯೇಟ್ ಹಾಕಿದ ದ್ರಾವಣದಲ್ಲಿ ಅದ್ದಿ ಶೆಡ್ಡಿನಲ್ಲಿ ಹರವಿದಾಗ, ಊದಿದ ದಪ್ಪ ಸಿಪ್ಪೆಯ ಮಣಿ ಹೆಚ್ಚು ದಿನ ಕೇಳುತ್ತದೆ, ಬಣ್ಣವೂ ಕಂದುತ್ತದೆ. ಮನುಕದ ತೋಟಕ್ಕೆ ಮೊದಲೆರಡು ಸಿಂಪರಣೆಯೇ ಮುಖ್ಯ, ಮಣಿ ಹಂತದ್ದು ಕಡಿಮೆಯಲ್ಲೇ ಮುಗಿಯಲಿ ಎನ್ನುವುದು ನಮ್ಮ ಅಭಿಪ್ರಾಯ.

ಜಿಎ ಪಕ್ಕದಲ್ಲೇ ಅದೇ ಕಪಾಟಿನಲ್ಲಿ ಇರುವವರ ಬಗ್ಗೆಯೂ ಎರಡು ಮಾತು. ಸಿಪಿಪಿಯು 0.1% ದ್ರಾವಣ ಸೈಟೋಕೈನಿನ್ ಬಗೆಯದು. ಲೀಟರಿಗೆ 1 ಮಿ.ಲೀ. ಎಂದರೆ 1 ಪಿಪಿಎಂ, ಲೆಕ್ಕಕ್ಕೆ ಇಷ್ಟು ಸುಲಭದ್ದು ಬೇರೊಂದಿಲ್ಲ. ಜಿಎ ಮಣಿಯನ್ನು ಉದ್ದ ಮಾಡಿದರೆ ಇದು ದುಂಡಗೆ ಮಾಡುತ್ತದೆ. ಮಣಿ ಹಂತದ ಅದ್ದುವಿಕೆಗೆ 1ರಿಂದ 2 ಪಿಪಿಎಂ ಸಾಕು. ಮೀರಿದರೆ ಹಸಿರು ಬಿಡದು, ಸಕ್ಕರೆ ಏರದು, ಕೊಯ್ಲು ಹಿಂದೆ ಬೀಳುತ್ತದೆ. 6-ಬಿಎ ಎಂಬ ಇನ್ನೊಂದು ಸೈಟೋಕೈನಿನ್ ಪುಡಿಯನ್ನು ಕೆಲವರು ಕ್ಷಾರದಲ್ಲಿ ಕರಗಿಸುತ್ತಾರೆ. ಆ ದ್ರಾವಣವನ್ನೇ ಜಿಎ ಡ್ರಮ್ಮಿಗೆ ಸುರಿದರೆ ಕಷ್ಟಪಟ್ಟು ಇಳಿಸಿದ ಪಿಎಚ್ ಮತ್ತೆ ಮೇಲೇರುತ್ತದೆ, ಆಲ್ಕೋಹಾಲಿನಲ್ಲೇ ಕರಗಿಸಿ. ಹೋಮೋಬ್ರಾಸಿನೊಲೈಡ್ 0.04%, ‘ಡಬಲ್’ ಹೆಸರಿನಲ್ಲೂ ಸಿಗುವುದು, ಬ್ರಾಸಿನೋಸ್ಟೀರಾಯ್ಡ್ ಗುಂಪಿನದು. ಅರಾಬಿಡಾಪ್ಸಿಸ್‌ನಲ್ಲಿ ಅಂಡಕ ಹೆಚ್ಚಿಸುತ್ತದೆ ಎಂಬ ಮಾತನ್ನು ದ್ರಾಕ್ಷಿಗೆ ಅಂಟಿಸಿ ಮಾರುವವರನ್ನು ನಂಬಬೇಡಿ, ಇಲ್ಲಿ ನಾಲ್ಕರ ಮೇಲೆ ಐದನೆಯದು ಹುಟ್ಟುವುದಿಲ್ಲ. ಪ್ಲಾನೋಫಿಕ್ಸ್, ಅಂದರೆ ಎನ್‌ಎಎ 4.5%, ಆಕ್ಸಿನ್, 4.5 ಲೀಟರಿಗೆ 1 ಮಿ.ಲೀ. ಹಾಕಿದರೆ 10 ಪಿಪಿಎಂ. ಅದು ಉದುರುವುದನ್ನು ತಡೆಯುವ ಸಾಮಾನು, ದಪ್ಪ ಮಾಡುವುದಲ್ಲ.

ಹೆಸರೇ ಇಲ್ಲದ ‘ಸೈಜಿನ ಟಾನಿಕ್’ಗಳಿಗೆ ಅಂಕ ಸೊನ್ನೆ. ಲೇಬಲ್ಲಿನಲ್ಲಿ ಹಾರ್ಮೋನಿನ ಹೆಸರು, ಶೇಕಡಾವಾರು, ನೋಂದಣಿ ಸಂಖ್ಯೆ, ಬ್ಯಾಚು, ತಯಾರಾದ ದಿನ ಇಲ್ಲದಿದ್ದರೆ ಒಳಗಿರುವುದು ಏನೂ ಆಗಿರಬಹುದು. ರಹಸ್ಯವಾಗಿ ಜಿಎ ಬೆರೆತಿದ್ದರೆ ನಿಮ್ಮ ಲೆಕ್ಕದ 15 ಪಿಪಿಎಂ ಮೇಲೆ ಅದೂ ಕೂಡುತ್ತದೆ.

ಬೀಜದ ತಳಿಯವರು, ಬೆಂಗಳೂರು ನೀಲಿ, ದಿಲ್‌ಖುಷ್ ಬೆಳೆಯುವ ಚಿಕ್ಕಬಳ್ಳಾಪುರ, ದೇವನಹಳ್ಳಿ ಕಡೆಯವರು ಥಾಮ್ಸನ್ ಪಟ್ಟಿಯನ್ನು ನಕಲು ಮಾಡಬಾರದು. ಅವರ ಹಣ್ಣಿಗೆ ಅಂಡಕವೇ ಬದುಕಿದ್ದು ಜಿಬ್ಬರೆಲಿನ್ ಒದಗಿಸುತ್ತದೆ. ಹೂವಿಗೆ ಮೊದಲು ಹೊರಗಿನಿಂದ ಸುರಿದರೆ ಅಂಡಕ ಕೆಟ್ಟು ಸಾಸಿವೆ ಮಣಿ ಹೆಚ್ಚುತ್ತವೆ, ಬೀಜದ ಯುರೋಪಿನ ತಳಿಗಳಲ್ಲಿ ಮುಂದಿನ ವರ್ಷದ ಮೊಗ್ಗು ಸಾಯುವುದೂ ದಾಖಲಾಗಿದೆ.

ಮುಂದಿನ ವರ್ಷದ ಮಾತು ಬಂತಲ್ಲ. ಏಪ್ರಿಲ್ ಚಾಟ್ನಿಯ ನಂತರ ಕಾಡಿಯ ಮೊಗ್ಗಿನೊಳಗೆ ಒಂದು ಮೊಳೆ ಇರುತ್ತದೆ, ಅದು ಗೊನೆಯೂ ಆಗಬಹುದು, ಬಳ್ಳಿಯ ಕುಡಿಯೂ ಆಗಬಹುದು. ಸೈಟೋಕೈನಿನ್ ಅದನ್ನು ಗೊನೆಯ ಕಡೆ ತಿರುಗಿಸುತ್ತದೆ, ಜಿಬ್ಬರೆಲಿನ್ ಕುಡಿಯ ಕಡೆ. ಆಸ್ಟ್ರೇಲಿಯಾದಲ್ಲಿ 2002ರಲ್ಲಿ ಪೀನೋ ಮ್ಯುನಿಯೇ ತಳಿಯಿಂದ ಬೇರ್ಪಡಿಸಿದ, ಜಿಬ್ಬರೆಲಿನ್‌ಗೆ ಓಗೊಡದ ಕುಳ್ಳ ಬಳ್ಳಿಯಲ್ಲಿ ಕುಡಿ ಬರಬೇಕಾದ ಜಾಗದಲ್ಲೆಲ್ಲ ಗೊನೆ ಬಂದಿತ್ತು. ಏಪ್ರಿಲ್ ನಂತರ ಬೆಳವಣಿಗೆ ಕಟ್ಟಿಹಾಕಲು ಲಿಹೋಸಿನ್, ಅಂದರೆ ಜಿಬ್ಬರೆಲಿನ್ ತಯಾರಿಕೆ ತಡೆಯುವ ಕ್ಲೋರ್ಮೆಕ್ವಾಟ್, ಹೊಡೆಯುವುದರ ಹಿಂದಿನ ತರ್ಕ ಇದೇ. ಹಾಗಿರುವಾಗ ಅಕ್ಟೋಬರಿನಲ್ಲಿ ಉಳಿದ ಜಿಎಯನ್ನು ‘ಬಿಸಾಕೋದ್ಯಾಕೆ’ ಎಂದು ಮೇ ತಿಂಗಳಲ್ಲಿ ಚಿಗುರಿಗೆ ಹೊಡೆಯುವುದು ಬರುವ ಫಸಲಿನ ಗೊನೆಗಳನ್ನು ಎಣಿಸಿ ಕಿತ್ತಂತೆ.

ಉಳಿದ ಪುಡಿಯನ್ನು ಅದರದೇ ಪೊಟ್ಟಣದಲ್ಲಿ ಬಾಯಿ ಬಿಗಿದು, ಗಾಳಿ ಆಡದ ಡಬ್ಬಿಯಲ್ಲಿ ಸಿಲಿಕಾ ಪುಡಿಕೆಯೊಂದಿಗೆ ತಂಪು ಕತ್ತಲೆಯಲ್ಲಿಡಿ, ಮಕ್ಕಳ ಕೈಗೆ ಸಿಗದ ಜಾಗದಲ್ಲಿ, ತಿನ್ನುವ ಪದಾರ್ಥದ ಫ್ರಿಜ್ಜಿನಲ್ಲಿ ಅಲ್ಲ. ತೆರೆದ ತಾರೀಖು ಪೆನ್ನಿನಿಂದ ಡಬ್ಬಿಯ ಮೇಲೆ ಬರೆದಿರಲಿ. ನೀರಿಗೆ ಬಿದ್ದದ್ದು ಮಾತ್ರ ಅಂದೇ ಮುಗಿಯಬೇಕು. ರಾತ್ರಿಯಿಡೀ ಡ್ರಮ್ಮಿನಲ್ಲಿ ನಿಂತದ್ದನ್ನು ಬೆಳಿಗ್ಗೆ 15 ಪಿಪಿಎಂ ಎಂದು ಕರೆಯಲಾಗದು.